ಬಿಲ್ಲಿನ ಕೋಲಿನ ಹಿಂದಿರುವ ಲೆಕ್ಕ: ಲಿಯೊನಾರ್ಡ್ ಆಯ್ಲರ್

ಮಕ್ಕಳೇ, ಬಿಲ್ಲುಗಾರಿಕೆಯ ಸ್ಪರ್ಧೆಯನ್ನು ಟಿ.ವಿ.ಯಲ್ಲಿ ನೋಡಿದ್ದೀರಾ? ರಾಮ, ಅರ್ಜುನರ ಚಿತ್ರಗಳಲ್ಲಿ ಕಾಣುವ ಬಿಲ್ಲಿಗೂ ಈ ಬಿಲ್ಲಿಗೂ ಬಹಳ ವ್ಯತ್ಯಾಸ ಇದೆ. ಅದರಲ್ಲೂ ಕಾಂಪೌಂಡ್ ಬಿಲ್ಲು ಎಂಬುದು ನೋಡಲು ಒಂದು ಯಂತ್ರದಂತೆಯೇ ಇರುತ್ತದೆ. ಅದರ ಎರಡು ತುದಿಗಳಲ್ಲಿ ಗಾಲಿಗಳಿವೆ. ಹೆದೆಯನ್ನು ಪೂರ್ತಿ ಎಳೆದಾಗ ಈ ಗಾಲಿಗಳು ತಿರುಗಿ, ಕೈ ಮೇಲೆ ಬೀಳುವ ಎಳೆತವನ್ನು ಬಹುಪಾಲು ಕಡಿಮೆ ಮಾಡುತ್ತವೆ. ಹಾಗಾಗಿ ಬಿಲ್ಲುಗಾರ ಅವಸರವಿಲ್ಲದೆ ಗುರಿ ನೋಡಬಹುದು. ಅಮೆರಿಕದ ಮಿಸೌರಿ ರಾಜ್ಯದ ಹಾಲೆಸ್ ವಿಲ್ಬರ್ ಆಲನ್ ಎಂಬಾತನಿಗೆ 1969ರಲ್ಲಿ ಇದರ ಪೇಟೆಂಟ್ ಸಿಕ್ಕಿತು.

ಈ ಬಿಲ್ಲಿನ ಹಿಡಿಯ ಕೆಳಗಿನಿಂದ ಒಂದು ಕೋಲು ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರ ತುದಿಯಲ್ಲಿ ಲೋಹದ ಬಿಲ್ಲೆಗಳು. ಹಿಂದಕ್ಕೂ ಇನ್ನೊಂದು ಗಿಡ್ಡ ಕೋಲು, ಅದಕ್ಕೂ ಬಿಲ್ಲೆಗಳು. ಬಾಣ ಈ ಕೋಲುಗಳನ್ನು ಮುಟ್ಟುವುದೇ ಇಲ್ಲ. ಹಾಗಾದರೆ ಇವು ಯಾಕೆ? ಸುಮ್ಮನೆ ತೂಕ ಹೊರುವುದಕ್ಕೆ ಯಾರಿಗಾದರೂ ಇಷ್ಟವೇ? ಉತ್ತರ ಬೇಕಾದರೆ ನೀವು ಸುಮಾರು 300 ವರ್ಷ ಹಿಂದಕ್ಕೆ, ಬಿಲ್ಲು ಬಾಣದ ಗೊಡವೆಯೇ ಇಲ್ಲದಿದ್ದ ಒಬ್ಬ ಗಣಿತಜ್ಞನ ಬಳಿಗೆ ಹೋಗಬೇಕು.

ಆತನ ಹೆಸರು ಲಿಯೊನಾರ್ಡ್ ಆಯ್ಲರ್. ಹುಟ್ಟಿದ್ದು 1707ರ ಏಪ್ರಿಲ್ 15ರಂದು, ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ. ತಂದೆ ಚರ್ಚಿನ ಪಾದ್ರಿ. ಮಗನೂ ಪಾದ್ರಿಯಾಗಲಿ ಎಂಬುದು ಅವರ ಆಸೆ. ಆದರೆ ಅವರಿಗೂ ಗಣಿತದ ರುಚಿ ಗೊತ್ತಿತ್ತು. ಮಗನಿಗೆ ಮೊದಲ ಪಾಠ ಹೇಳಿಕೊಟ್ಟವರೂ ಅವರೇ. 13ನೆಯ ವಯಸ್ಸಿಗೆ ಹುಡುಗ ವಿಶ್ವವಿದ್ಯಾನಿಲಯ ಸೇರಿದ. ಅಲ್ಲಿ ಯೊಹಾನ್ ಬರ್ನೂಲಿ ಎಂಬ ಹೆಸರಾಂತ ಗಣಿತಜ್ಞ ಇದ್ದ. ಪ್ರತ್ಯೇಕವಾಗಿ ಪಾಠ ಹೇಳಲು ಆತನಿಗೆ ಪುರುಸೊತ್ತಿರಲಿಲ್ಲ. ಕಷ್ಟದ ಪುಸ್ತಕಗಳನ್ನು ತಾನೇ ಓದಿಕೊಳ್ಳಬೇಕು, ತಿಳಿಯದ್ದನ್ನು ಶನಿವಾರ ಮಧ್ಯಾಹ್ನ ಬಂದು ಕೇಳಬೇಕು ಎಂದು ಗೊತ್ತುಮಾಡಿದ. ಆಯ್ಲರ್ ಪ್ರಶ್ನೆಗಳು ಆದಷ್ಟು ಕಡಿಮೆ ಇರಲೆಂದು ವಾರವೆಲ್ಲ ತಾನೇ ತಲೆಕೆಡಿಸಿಕೊಂಡು ಓದುತ್ತಿದ್ದ. ಕೊನೆಗೆ ಬರ್ನೂಲಿಯೇ ತಂದೆಯನ್ನು ಒಪ್ಪಿಸಿದ. ಹುಡುಗ ಗಣಿತಕ್ಕೆ ಉಳಿದ.

1727ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಬಹುಮಾನಕ್ಕೆ ಇದ್ದ ಪ್ರಶ್ನೆ ಇದು: ಹಡಗಿನ ಹಾಯಿಕಂಬಗಳನ್ನು ಎಲ್ಲಿ ನಿಲ್ಲಿಸಿದರೆ ಒಳ್ಳೆಯದು? ಸ್ವಿಟ್ಜರ್‌ಲೆಂಡಿಗೆ ಸಮುದ್ರವೇ ಇಲ್ಲ. ಆದರೂ ಆಯ್ಲರ್ ಉತ್ತರ ಬರೆದು ಕಳಿಸಿದ. ಮೊದಲ ಬಹುಮಾನ ಬೇರೆಯವರಿಗೆ ಹೋಯಿತು. ಇವನಿಗೆ ಮೆಚ್ಚುಗೆ ಸಿಕ್ಕಿತು. ಅದೇ ವರ್ಷ ಕೆಲಸ ಹುಡುಕಿಕೊಂಡು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರಕ್ಕೆ ಹೋದ. ಅಲ್ಲಿ ಮದುವೆಯಾಯಿತು, ಮಕ್ಕಳಾದವು. 1735ರಲ್ಲಿ ಕೆಟ್ಟ ಜ್ವರ ಬಂದು ಸಾವಿನ ಅಂಚಿಗೆ ಹೋಗಿ ಬಂದ. 1738ರ ವೇಳೆಗೆ ಬಲಗಣ್ಣಿನ ದೃಷ್ಟಿ ಹೊರಟುಹೋಯಿತು. ಆಗ ಆತನಿಗೆ 31 ವರ್ಷ.

1741ರಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ಕರೆದನೆಂದು ಆಯ್ಲರ್ ಬರ್ಲಿನ್ನಿಗೆ ಹೋದ. ಅಲ್ಲಿ 25 ವರ್ಷ ದುಡಿದ. ದೊರೆಗೆ ಮಾತಿನ ಮಲ್ಲರೆಂದರೆ ಇಷ್ಟ. ಮೌನಿಯಾದ ಈ ಗಣಿತಜ್ಞನ ಒಂದು ಕಣ್ಣನ್ನು ಆಡಿಕೊಂಡು ನಗುತ್ತಿದ್ದ. ದೊರೆಯಾದರೇನು, ಅದು ತಪ್ಪೇ. ಆಯ್ಲರ್ ಮಾತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. 1744ರ ಒಂದು ಪುಸ್ತಕದ ಕೊನೆಯಲ್ಲಿ, ಬಾಗಿಸಿದ ತೆಳುವಾದ ಪಟ್ಟಿ ಯಾವ ಯಾವ ಆಕಾರ ತಾಳುತ್ತದೆ ಎಂದು ಲೆಕ್ಕ ಹಾಕಿ, ಅವನ್ನು 9 ಬಗೆಗಳಾಗಿ ವಿಂಗಡಿಸಿದ. ಬಿಲ್ಲು ಎಂದರೆ ಬಾಗಿದ ಪಟ್ಟಿಯೇ ಅಲ್ಲವೇ? 1749ರಲ್ಲಿ ಹಡಗುಗಳ ಬಗ್ಗೆ ದೊಡ್ಡ ಗ್ರಂಥ ಬಂತು. ಅಲೆಗಳ ಮೇಲೆ ಹಡಗು ಓಲಾಡುವಾಗ ಭಾರ ಎಷ್ಟಿದೆ ಎಂಬುದರಷ್ಟೇ ಅದು ಎಲ್ಲೆಲ್ಲಿ ಹಂಚಿಹೋಗಿದೆ ಎಂಬುದೂ ಮುಖ್ಯ. ಹ್ಯೂಗೆನ್ಸ್ ಎಂಬ ಡಚ್ ವಿಜ್ಞಾನಿ 1673ರಲ್ಲೇ ಲೋಲಕದ ಲೆಕ್ಕದಲ್ಲಿ ಈ ಸಂಗತಿಯನ್ನು ಮುಟ್ಟಿದ್ದ. ಆಯ್ಲರ್ ಅದನ್ನು ಎಲ್ಲ ಗಟ್ಟಿ ವಸ್ತುಗಳಿಗೂ ಅನ್ವಯಿಸುವಂತೆ ಬೆಳೆಸಿ, 1765ರ ತನ್ನ ಗ್ರಂಥದಲ್ಲಿ ಅದಕ್ಕೆ ಒಂದು ಹೆಸರು ಕೊಟ್ಟ. ಇಂದಿಗೂ ಆ ಹೆಸರೇ ಇದೆ: ಮೊಮೆಂಟ್ ಆಫ್ ಇನರ್ಷಿಯಾ. ಒಂದು ವಸ್ತು ತನ್ನನ್ನು ತಿರುಗಿಸಲು ಬಂದವರಿಗೆ ಎಷ್ಟು ಮೊಂಡುತನ ತೋರಿಸುತ್ತದೆ ಎಂಬುದರ ಅಳತೆ ಎಂದುಕೊಳ್ಳಿ.

ಇದನ್ನು ನೀವೇ ಪರೀಕ್ಷಿಸಿ. ಒಂದು ಮೀಟರ್ ಉದ್ದದ ಕೋಲು ತೆಗೆದುಕೊಳ್ಳಿ. ಹಸಿ ಜೇಡಿಮಣ್ಣಿನ ಎರಡು ಸಮನಾದ ಉಂಡೆಗಳನ್ನು ಕೋಲಿನ ನಡುವೆ, ನಿಮ್ಮ ಮುಷ್ಟಿಯ ಅಕ್ಕಪಕ್ಕ ಮೆತ್ತಿ. ಕೋಲನ್ನು ನಡುವಿನಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಬೇಗ ಬೇಗ ತಿರುಗಿಸಿ ನೋಡಿ. ಸುಲಭ. ಈಗ ಅದೇ ಉಂಡೆಗಳನ್ನು ಎರಡು ತುದಿಗಳಿಗೆ ಮೆತ್ತಿ ತಿರುಗಿಸಿ. ತೂಕ ಒಂದು ಗ್ರಾಂ ಕೂಡ ಹೆಚ್ಚಿಲ್ಲ, ಆದರೂ ಕೈ ಸೋಲುತ್ತದೆ! ಹಗ್ಗದ ಮೇಲೆ ನಡೆಯುವ ದೊಂಬರಾಟದವರು ಅಷ್ಟುದ್ದದ ಗಳ ಹಿಡಿಯುವುದು ಯಾಕೆ ಎಂದು ಈಗ ಹೊಳೆಯಿತೇ?

ಆಯ್ಲರನ ಲೆಕ್ಕದ ಪ್ರಕಾರ ತೂಕವನ್ನು ದೂರದಿಂದ ಒಂದು ಸಲವಲ್ಲ, ಎರಡು ಸಲ ಗುಣಿಸಬೇಕು. ದೂರ ಎರಡರಷ್ಟಾದರೆ ಮೊಂಡುತನ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು.

ಈಗ ಬಿಲ್ಲಿಗೆ ಬನ್ನಿ. ಮುಂದಿನ ಕೋಲಿನ ತುದಿಯಲ್ಲಿ, ಹಿಡಿಯಿಂದ 75 ಸೆಂಟಿಮೀಟರ್ ದೂರದಲ್ಲಿ 100 ಗ್ರಾಂ ಬಿಲ್ಲೆ ಇದೆ ಎನ್ನೋಣ. ಕೋಲಿನ ತೂಕವನ್ನು ಸದ್ಯಕ್ಕೆ ಬಿಟ್ಟುಬಿಡಿ. ಇಷ್ಟೇ ಇದ್ದರೆ ಬಿಲ್ಲು ಮುಂದಕ್ಕೆ ಮುಗ್ಗರಿಸುತ್ತದೆ. ಹಿಂದಿನ ಕೋಲು 25 ಸೆಂಟಿಮೀಟರ್ ಇದ್ದರೆ ಅದಕ್ಕೆ ಎಷ್ಟು ತೂಕ ಕಟ್ಟಬೇಕು? ಏತಪಾತದ ಲೆಕ್ಕವೇ ಸಾಕು: 100 × 75 = 7500, 300 × 25 = 7500. ಅಂದರೆ 300 ಗ್ರಾಂ. ಹಿಂದಿನ ಬಿಲ್ಲೆಗಳು ದಪ್ಪವಾಗಿರುವುದು ಇದಕ್ಕೇ. ತೂಗಾಟದಲ್ಲಿ ಹಿಂದಿನದು ಮುಂದಿನದನ್ನು ಸರಿದೂಗಿಸಿತು; ಉಳಿದದ್ದು ಸೊನ್ನೆ.

ಆದರೆ ಮೊಂಡುತನದ ಲೆಕ್ಕದಲ್ಲಿ ಕಳೆಯುವುದು ಇಲ್ಲ, ಕೂಡುವುದೇ. 100 × 75 × 75 = 5,62,500. 300 × 25 × 25 = 1,87,500. ಕೂಡಿದರೆ 7,50,000. ಇದೇ 400 ಗ್ರಾಮನ್ನು ಹಿಡಿಯ ನಡುವೆಯೇ ಇಟ್ಟಿದ್ದರೆ ಈ ಸಂಖ್ಯೆ ಸೊನ್ನೆಗೆ ಹತ್ತಿರ ಇರುತ್ತಿತ್ತು. ಕೈಗೆ ಭಾರ ಮಾತ್ರ ಅಷ್ಟೇ! ಹೆದೆ ಬಿಟ್ಟ ಮೇಲೂ ಬಾಣ ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗದಷ್ಟು ಕಾಲ ಬಿಲ್ಲಿನಲ್ಲೇ ಇರುತ್ತದೆ. ಆ ಗಳಿಗೆಯಲ್ಲಿ ಕೈ ಸ್ವಲ್ಪ ತಿರುಚಿದರೂ ಗುರಿ ತಪ್ಪುತ್ತದೆ. ದೂರದಲ್ಲಿ ಕುಳಿತ ತೂಕ ಆ ತಿರುಚುವಿಕೆಗೆ ಜಗ್ಗುವುದಿಲ್ಲ.

ಬೇಟೆಗೆ ಬಳಸುವ ಬಿಲ್ಲಿನಲ್ಲಿ ಇನ್ನೊಂದು ತೊಡಕಿದೆ. ಅದರ ಬಲಮಗ್ಗುಲಿಗೆ ಬತ್ತಳಿಕೆಯನ್ನೂ ಗುರಿ ನೋಡುವ ಸಾಧನವನ್ನೂ ಬಿಗಿದಿರುತ್ತಾರೆ. ಬಿಲ್ಲು ಆ ಕಡೆಗೆ ವಾಲುತ್ತದೆ. ಆದ್ದರಿಂದ ಹಿಂದಿನ ಕೋಲನ್ನು ಎಡಕ್ಕೆ ಓರೆಯಾಗಿ ಇಟ್ಟು ಬಿಲ್ಲೆ ಸೇರಿಸುತ್ತಾರೆ. ಬಿಲ್ಲುಗಾರ ಹೆದೆ ಎಳೆದು ಕಣ್ಣುಮುಚ್ಚಿ ನಿಂತು, ಕಣ್ಣು ತೆರೆದಾಗ ಗುರಿಸಾಧನದಲ್ಲಿರುವ ರಸಮಟ್ಟದ ಗುಳ್ಳೆ ನಡುವೆ ಇದೆಯೇ ಎಂದು ನೋಡುತ್ತಾನೆ. ಇಲ್ಲವಾದರೆ ಮತ್ತೆ ಬಿಲ್ಲೆ ಬದಲಿಸಬೇಕು. ಮರಗಿಡಗಳ ನಡುವೆ ಉದ್ದ ಕೋಲು ಸಿಕ್ಕಿಕೊಳ್ಳುವುದರಿಂದ ಬೇಟೆಗಾರರು ಗಿಡ್ಡದನ್ನೇ ಇಡುತ್ತಾರೆ. ಉದ್ದ ಅರ್ಧವಾದರೆ ಅದೇ ಸ್ಥಿರತೆಗೆ ನಾಲ್ಕು ಪಟ್ಟು ತೂಕ ಬೇಕೆಂದು ನೀವೇ ಈಗ ಹೇಳಬಲ್ಲಿರಿ. (ಇದು ಪರವಾನಗಿ ಪಡೆದು ಬೇಟೆಯಾಡಬಹುದಾದ ಅಮೆರಿಕದಂಥ ದೇಶಗಳ ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ.) ಬಿಲ್ಲಿಗೆ ಇಂಥ ಕೋಲು ಜೋಡಿಸುವುದನ್ನು 1960ರ ದಶಕದ ಆರಂಭದಲ್ಲಿ ರೂಢಿಗೆ ತಂದವನು ಅರ್ಲ್ ಹಾಯ್ಟ್ ಎಂಬ ಅಮೆರಿಕದ ಬಿಲ್ಲು ತಯಾರಕ. ಆ ವೇಳೆಗೆ ಆಯ್ಲರನ ಗ್ರಂಥಕ್ಕೆ ಸುಮಾರು 200 ವರ್ಷ ತುಂಬಿತ್ತು.

ಆ ಗ್ರಂಥ ಅಚ್ಚಾದ ಮರುವರ್ಷ, 1766ರಲ್ಲಿ, ಆಯ್ಲರ್ ರಷ್ಯಾಕ್ಕೆ ಮರಳಿದ. ಅಲ್ಲಿ ಎಡಗಣ್ಣಿಗೂ ಪೊರೆ ಬಂತು. 1771ರಲ್ಲಿ ನಗರಕ್ಕೆ ಬೆಂಕಿ ಬಿದ್ದು ಆತನ ಮನೆ ಸುಟ್ಟಿತು. ಕಣ್ಣು ಕಾಣದ ಆಯ್ಲರನನ್ನು ಬಾಸೆಲ್ ಮೂಲದ ಪೀಟರ್ ಗ್ರಿಮ್ ಎಂಬ ಕುಶಲಕರ್ಮಿ ಉರಿಯುವ ಮನೆಯೊಳಗಿಂದ ಹೊತ್ತು ತಂದ. ಹಸ್ತಪ್ರತಿಗಳಲ್ಲಿ ಹೆಚ್ಚಿನವು ಉಳಿದವು. ಅದೇ ವರ್ಷ ಕಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು. ಕೆಲವು ದಿನ ಲೋಕ ಮತ್ತೆ ಕಂಡಿತು. ಆಮೇಲೆ ಕೀವಾಗಿ ಆ ಕಣ್ಣೂ ಹೋಯಿತು.

ಗಣಿತಜ್ಞನಿಗೆ ಕಣ್ಣು ಹೋದರೆ ಇನ್ನೇನು ಉಳಿಯಿತು ಎಂದು ನಿಮಗೆ ಅನಿಸಬಹುದು. ಆಯ್ಲರನಿಗೆ ಅಪಾರ ಜ್ಞಾಪಕಶಕ್ತಿ ಇತ್ತು. ಉದ್ದುದ್ದ ಲೆಕ್ಕಗಳನ್ನು ಮನಸ್ಸಿನಲ್ಲೇ ಮಾಡಿ ಬಾಯಲ್ಲಿ ಹೇಳುತ್ತಿದ್ದ; ಮಗ ಮತ್ತು ಶಿಷ್ಯರು ಬರೆದುಕೊಳ್ಳುತ್ತಿದ್ದರು. ಬೀಜಗಣಿತದ ಒಂದು ಪುಸ್ತಕವನ್ನು ಹೀಗೆ ಬರೆದುಕೊಂಡವನು ಮನೆಯ ಆಳು, ದರ್ಜಿ ಕೆಲಸ ಕಲಿತಿದ್ದ ಹುಡುಗ. ಆಯ್ಲರನ ಒಟ್ಟು ಬರಹಗಳು 800ಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು ಅರ್ಧದಷ್ಟು ಸಿದ್ಧವಾದದ್ದು ಈ ಕತ್ತಲಿನ ವರ್ಷಗಳಲ್ಲೇ.

1783ರಲ್ಲಿ ಫ್ರಾನ್ಸಿನಲ್ಲಿ ಬಿಸಿಗಾಳಿಯ ಬಲೂನು ಮೊದಲ ಬಾರಿ ಮೇಲೇರಿತು. ಸುದ್ದಿ ಕೇಳಿದ ಆಯ್ಲರ್ ಬಲೂನು ಏರುವ ವೇಗದ ಲೆಕ್ಕಕ್ಕೆ ಕೈ ಹಾಕಿದ. ಸೆಪ್ಟೆಂಬರ್ 18ರಂದೂ ಅದೇ ಕೆಲಸ. ಊಟದ ಹೊತ್ತಿನಲ್ಲಿ, ಎರಡು ವರ್ಷದ ಹಿಂದೆಯಷ್ಟೇ ಪತ್ತೆಯಾಗಿದ್ದ ಯುರೇನಸ್ ಗ್ರಹದ ಕಕ್ಷೆಯ ಬಗ್ಗೆ ಮಾತು. ಆಮೇಲೆ ಮೊಮ್ಮಗುವಿನೊಡನೆ ಇದ್ದಾಗ ಮೆದುಳಿನಲ್ಲಿ ರಕ್ತಸ್ರಾವವಾಗಿ ಕುಸಿದ. ಅಂದೇ ಪ್ರಾಣ ಹೋಯಿತು. ಆಗ ಆತನಿಗೆ 76 ವರ್ಷ. ಆತ ಬಿಟ್ಟುಹೋದ ಲೇಖನಗಳ ರಾಶಿಯನ್ನು ಪೀಟರ್ಸ್‌ಬರ್ಗಿನ ಅಕಾಡೆಮಿ ಮುಂದಿನ ಸುಮಾರು 50 ವರ್ಷ ಅಚ್ಚು ಹಾಕುತ್ತಲೇ ಇತ್ತು.