ಒಂಟಿಕೊಪ್ಪಲಿನ ಮೂವತ್ತು ವಾಟು

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರಗಳಿಂದ ನನ್ನಲ್ಲಿಗೆ ಪಾಠಕ್ಕೆ ಬರುವ ಹುಡುಗರಲ್ಲಿ ಹವ್ಯಾಸಿ ರೇಡಿಯೋದ ಗೀಳು ಹತ್ತಿದವರು ವರ್ಷಕ್ಕೊಬ್ಬರಾದರೂ ಇರುತ್ತಾರೆ. ಜನ ಹ್ಯಾಮ್ ಎಂದು ಕರೆಯುವ ಈ ಹವ್ಯಾಸಕ್ಕೆ ಕೈಹಚ್ಚುವುದು ಹೇಗೆಂದು ಅವರು ಕೇಳಿದಾಗ, ಪರೀಕ್ಷೆ, ಪರವಾನಗಿ, ತಂತಿ, ಯಂತ್ರಗಳ ಮಾತಿಗೆ ಮೊದಲು ನಾನು ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರ ಕಥೆಯನ್ನು ಹೇಳುತ್ತೇನೆ. ಎಂಜಿನಿಯರಲ್ಲದ, ವ್ಯಾಪಾರಿಯೂ ಅಲ್ಲದ ಒಬ್ಬ ಮನಶ್ಶಾಸ್ತ್ರದ ಪ್ರೊಫೆಸರರು ತಮ್ಮ ಮನೆಯಲ್ಲಿ ಕುಳಿತು ಇಡೀ ಊರಿಗೆ ದನಿ ಕೊಟ್ಟ ಕಥೆ ಅದು. ಆ ಮನೆಯಲ್ಲಿ ಬಳಕೆಗೆ ಬಂದ ಒಂದು ಹೆಸರು ಮುಂದೆ ದೇಶದ ಹೆಸರಾಯಿತು. ಹೆಸರು ಎಲ್ಲರ ಬಾಯಲ್ಲಿದೆ. ಮನೆಯ ಯಜಮಾನರನ್ನು ಮಾತ್ರ ಮೈಸೂರಿನ ಹಿರಿಯರು ಬಿಟ್ಟರೆ ಬಲ್ಲವರು ವಿರಳ.

1896ರಲ್ಲಿ ಹುಟ್ಟಿದ ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಉನ್ನತ ವ್ಯಾಸಂಗಕ್ಕಾಗಿ ಲಂಡನ್ನಿಗೆ ಹೋದರು. ಅಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಚಾರ್ಲ್ಸ್ ಸ್ಪಿಯರ್‌ಮನ್. ಮನುಷ್ಯನ ನಾನಾ ಸಾಮರ್ಥ್ಯಗಳ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ ಇದ್ದೇ ಇದೆಯೆಂದು 1904ರಲ್ಲಿ ಲೆಕ್ಕಾಚಾರದ ಬಲದಿಂದ ವಾದಿಸಿ, ಆ ಶಾಸ್ತ್ರದ ದಿಕ್ಕನ್ನೇ ಬದಲಿಸಿದ ಪಂಡಿತರು ಅವರು. ಅವರ ಬಳಿ ಗೋಪಾಲಸ್ವಾಮಿಯವರು ಸಂಶೋಧನೆ ಮಾಡಿ 1923ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಅವರು ಆರಿಸಿಕೊಂಡ ವಿಷಯ ಮೇಲುನೋಟಕ್ಕೆ ಮಕ್ಕಳ ಆಟದಂತಿದೆ. ಮೇಜಿನ ಮೇಲೆ ನಕ್ಷತ್ರದ ಚಿತ್ರವನ್ನಿಟ್ಟು, ಕೈ ಕಾಣದಂತೆ ಮರೆಮಾಡಿ, ಎದುರಿಗಿರುವ ಕನ್ನಡಿಯನ್ನಷ್ಟೇ ನೋಡುತ್ತ ಆ ನಕ್ಷತ್ರದ ಗೆರೆಗಳ ಮೇಲೆ ಪೆನ್ಸಿಲ್ ನಡೆಸಬೇಕು. ಕನ್ನಡಿ ತೋರಿಸುವ ದಿಕ್ಕು ಒಂದು, ಕೈ ಹೋಗಬೇಕಾದ ದಿಕ್ಕು ಇನ್ನೊಂದು. ಎಂಥ ಜಾಣನೂ ಮೊದಲ ಪ್ರಯತ್ನದಲ್ಲಿ ತಡವರಿಸುತ್ತಾನೆ. ಹೀಗೆ ತಡವರಿಸಿ ಕಲಿಯುವುದರಲ್ಲಿ ಬುದ್ಧಿಯ ಪಾಲೆಷ್ಟು, ಬರಿಯ ಅಭ್ಯಾಸದ ಪಾಲೆಷ್ಟು ಎಂಬುದನ್ನು ಅಳೆಯುವುದು ಅವರ ಉದ್ದೇಶವಾಗಿತ್ತು. ಈ ಶೋಧನೆಯ ಲೇಖನಗಳು ಇಂಗ್ಲೆಂಡಿನ ಮನಶ್ಶಾಸ್ತ್ರದ ಪ್ರಮುಖ ಪತ್ರಿಕೆಯಲ್ಲಿ 1924 ಮತ್ತು 1925ರಲ್ಲಿ ಅಚ್ಚಾದುವು.

ಮೋರ್ಸ್ ಸಂಕೇತವನ್ನು ಕಲಿಯುವವನ ಪಾಡೂ ಈ ಕನ್ನಡಿಯ ಮುಂದೆ ಕುಳಿತವನ ಪಾಡೇ. ಚುಕ್ಕೆ ಗೆರೆಗಳನ್ನು ಕಣ್ಣಿನಿಂದ ಕಂಠಪಾಠ ಮಾಡಿದ ಹುಡುಗನಿಗೆ ಅದೇ ಸಂಕೇತ ಕಿವಿಯ ಮೇಲೆ ಬಿದ್ದಾಗ ಏನೂ ತೋಚದು. ಕಣ್ಣು ಕಲಿತದ್ದನ್ನು ಕಿವಿ ಒಪ್ಪಿಕೊಳ್ಳುವುದಿಲ್ಲ. ಅದು ತನ್ನ ಪಾಠವನ್ನು ತಾನೇ ಹೊಸದಾಗಿ ಕಲಿಯಬೇಕು. ಆದ್ದರಿಂದ ಬಲ್ಲವರು ಅಕ್ಷರಗಳನ್ನು ಬರೆದು ತೋರಿಸದೆ, ನಾದವಾಗಿಯೇ ಕಲಿಸುತ್ತಾರೆ. ನಮ್ಮ ಸಂಗೀತದ ಗುರುಗಳು ಸ್ವರ ಹೇಳಿಕೊಡುವ ಕ್ರಮವೂ ಇದೇ ಅಲ್ಲವೆ?

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಓದುತ್ತಿದ್ದ ವರ್ಷಗಳಲ್ಲೇ ಆ ನಗರದ ಆಕಾಶಕ್ಕೆ ಹೊಸದೊಂದು ದನಿ ಸೇರಿತು. 1922ರ ನವೆಂಬರ್ 14ರಂದು ಬಿ.ಬಿ.ಸಿ. ತನ್ನ ದಿನನಿತ್ಯದ ಪ್ರಸಾರವನ್ನು ಆರಂಭಿಸಿತು. ಅದಕ್ಕೆ ಹಿಂದೆಯೇ ಅಲ್ಲಿನ ಹವ್ಯಾಸಿಗಳು ಮನೆಯಲ್ಲೇ ಸುರುಳಿ ಸುತ್ತಿ, ಮಾಳಿಗೆಯ ಮೇಲೆ ತಂತಿ ಕಟ್ಟಿ, ಒಬ್ಬರೊಡನೊಬ್ಬರು ಸಂಭಾಷಿಸುತ್ತಿದ್ದರು. ಕಾಣದ ಮನುಷ್ಯನ ದನಿ ಕೇಳುವವನ ಮನಸ್ಸಿನಲ್ಲಿ ಏನು ಮಾಡುತ್ತದೆ ಎಂಬ ಪ್ರಶ್ನೆ ಮನಶ್ಶಾಸ್ತ್ರದ ವಿದ್ಯಾರ್ಥಿಯೊಬ್ಬನನ್ನು ಆಗ ಕಾಡದೆ ಬಿಟ್ಟಿರಲಾರದು. ಇದು ನನ್ನ ಊಹೆ; ಆದರೆ ಮುಂದಿನ ಕಥೆ ಇದಕ್ಕೆ ಪುಷ್ಟಿ ಕೊಡುವಂತಿದೆ.

ಊರಿಗೆ ಮರಳಿದ ಅವರು ಮೈಸೂರು ವಿಶ್ವವಿದ್ಯಾನಿಲಯವನ್ನು ಸೇರಿದರು. 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಅವರ ಕೈಯಲ್ಲಿ ರೂಪುಗೊಂಡ ಮನಶ್ಶಾಸ್ತ್ರ ವಿಭಾಗ ಭಾರತದ ಅತ್ಯಂತ ಹಳೆಯ ವಿಭಾಗಗಳಲ್ಲೊಂದು. ಕಲ್ಕತ್ತೆಯದು ಅದಕ್ಕಿಂತ ಹಿರಿಯದು. ಪಾಶ್ಚಾತ್ಯರ ಬುದ್ಧಿಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸುವ ಕೆಲಸವನ್ನು ಅವರು ಅಲ್ಲಿ ಕೈಗೊಂಡರು. ಈ ಒಂದು ಕೆಲಸವೇ ಅವರನ್ನು ಶಾಸ್ತ್ರದ ಚರಿತ್ರೆಯಲ್ಲಿ ಉಳಿಸಲು ಸಾಕಾಗಿತ್ತು. ಆದರೆ ನಾನು ಹೇಳಹೊರಟಿರುವುದು ಅವರು ಕಾಲೇಜಿನಿಂದ ಮನೆಗೆ ಬಂದಮೇಲೆ ಮಾಡಿದ ಕೆಲಸವನ್ನು.

ಆಗ ನಮ್ಮ ದೇಶದಲ್ಲಿ ರೇಡಿಯೋದ ಸ್ಥಿತಿ ಹೇಗಿತ್ತೆಂಬುದನ್ನು ಸ್ವಲ್ಪ ನೋಡಬೇಕು. 1924ರ ಮೇ ತಿಂಗಳಲ್ಲಿ ಮದರಾಸಿನಲ್ಲಿ ಸಿ. ವಿ. ಕೃಷ್ಣಸ್ವಾಮಿ ಶೆಟ್ಟಿಯವರ ಮುಂದಾಳುತನದಲ್ಲಿ ಹವ್ಯಾಸಿಗಳ ಸಂಘವೊಂದು ಹುಟ್ಟಿ, ಜುಲೈ ಕೊನೆಯಿಂದ ಪ್ರಸಾರ ನಡೆಸಿತು. ಹಣ ಸಾಲದೆ 1927ರಲ್ಲಿ ನಿಂತಿತು. ಅದೇ 1927ರ ಜುಲೈ 23ರಂದು ಮುಂಬಯಿಯಲ್ಲಿ ಪ್ರಸಾರ ಪ್ರಾರಂಭಿಸಿದ ಖಾಸಗಿ ಕಂಪನಿ ಮೂರೇ ವರ್ಷಗಳಲ್ಲಿ ದಿವಾಳಿಯೆದ್ದಿತು. ಬಳಿಕ ಸರ್ಕಾರವೇ ಅದನ್ನು ಕೈಗೆತ್ತಿಕೊಂಡಿತು. ಗೋಪಾಲಸ್ವಾಮಿಯವರದು ದೇಶದ ಮೊಟ್ಟಮೊದಲ ಖಾಸಗಿ ನಿಲಯವೆಂದು ಅಭಿಮಾನದಿಂದ ಬರೆಯುವವರಿದ್ದಾರೆ. ಮದರಾಸಿನವರ ಪ್ರಯತ್ನ ಕಣ್ಣೆದುರಿಗಿರುವಾಗ ಆ ಪಟ್ಟವನ್ನು ಕಟ್ಟುವುದು ಸರಿಯಲ್ಲ. ಅವರ ಹಿರಿಮೆಗೆ ಅದರ ಅಗತ್ಯವೂ ಇಲ್ಲ. ಸಂಘವೂ ಕಂಪನಿಯೂ ನಿಭಾಯಿಸಲಾರದೆ ಕೈಬಿಟ್ಟ ಕೆಲಸವನ್ನು ಸಂಬಳದ ಮೇಲೆ ಬದುಕುವ ಒಬ್ಬ ಮೇಷ್ಟರು ಹೊತ್ತುಕೊಂಡರೆಂಬುದೇ ನನಗೆ ಹೆಚ್ಚಿನದಾಗಿ ತೋರುತ್ತದೆ.

1935ರ ಆಗಸ್ಟ್ 30ರಂದು ಲಯನೆಲ್ ಫೀಲ್ಡನ್ ಎಂಬ ಬಿ.ಬಿ.ಸಿ.ಯ ಅಧಿಕಾರಿ ಭಾರತ ಸರ್ಕಾರದ ಪ್ರಸಾರದ ಮುಖ್ಯಸ್ಥರಾಗಿ ಅಧಿಕಾರ ವಹಿಸಿಕೊಂಡರು. ಅದಾದ ಹನ್ನೊಂದನೆಯ ದಿನ, ಸೆಪ್ಟೆಂಬರ್ 10ರಂದು, ಮೈಸೂರಿನ ಒಂಟಿಕೊಪ್ಪಲಿನಲ್ಲಿ ಗೋಪಾಲಸ್ವಾಮಿಯವರ ವಿಠ್ಠಲ ವಿಹಾರವೆಂಬ ಮನೆಯಿಂದ ಪ್ರಸಾರ ಮೊದಲಾಯಿತು. ದೆಹಲಿಯ ನಿಲಯ ಇನ್ನೂ ಬಾಯಿಬಿಟ್ಟಿರಲಿಲ್ಲ. ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಹುಟ್ಟುವುದಕ್ಕೆ ಇನ್ನೂ ಒಂಬತ್ತು ತಿಂಗಳಿತ್ತು. ಪ್ರೊಫೆಸರರ ಪ್ರೇಷಕ ಯಂತ್ರದ ಶಕ್ತಿ 30 ವಾಟು. ಈಗ ನಮ್ಮ ಹಜಾರದಲ್ಲಿ ತಿರುಗುವ ಬೀಸಣಿಗೆ ಇದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಿನ್ನುವುದುಂಟು. ಆ ಮೊದಲ ದಿನ ಕುವೆಂಪು ಅವರ ಕಾವ್ಯವಾಚನವಿತ್ತೆಂದು ಮೈಸೂರಿನಲ್ಲಿ ಹೇಳುತ್ತಾರೆ. ಕನ್ನಡದ ಕವಿತೆ ಹೀಗೆ ಮೈಯಿಲ್ಲದೆ ದನಿ ಮಾತ್ರವಾಗಿ ಮನೆಮನೆಗೆ ಹೋದುದು ಸಾಮಾನ್ಯ ಸಂಗತಿಯಲ್ಲ. ಮದರಾಸಿನಲ್ಲಿ ಸರ್ಕಾರಿ ನಿಲಯ ತೆರೆದದ್ದು 1938ರಲ್ಲಿ, ಧಾರವಾಡದಲ್ಲಿ 1950ರಲ್ಲಿ. ಆ ನಡುವಿನ ವರ್ಷಗಳಲ್ಲಿ ಕನ್ನಡಕ್ಕೆ ತನ್ನ ನೆಲದಲ್ಲೇ ಒಂದು ದನಿಯಿದ್ದುದು ಮುಖ್ಯವಾಗಿ ಮೈಸೂರಿನಿಂದ.

ನಿಲಯಕ್ಕೆ ಆಕಾಶವಾಣಿ ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂಬುದು ಪ್ರಸಿದ್ಧವಾಗಿದೆ. ಕಸ್ತೂರಿಯವರು ಮೈಸೂರಿನಲ್ಲಿ ಚರಿತ್ರೆಯ ಅಧ್ಯಾಪಕರು, ಕನ್ನಡದ ಹಾಸ್ಯ ಲೇಖಕರು. ನಿಲಯದ ಕೆಲಸದಲ್ಲೂ ಕೈಜೋಡಿಸಿದವರು. ಈ ಹೆಸರನ್ನು ಆಡುವಾಗಲೆಲ್ಲ ನನಗೆ ದೇವಕಿಯ ರಥ ಹೊಡೆಯುತ್ತಿದ್ದ ಕಂಸನ ನೆನಪಾಗುತ್ತದೆ. ಆಕಾಶದ ದನಿ ಹೇಳಬೇಕಾದುದನ್ನು ಹೇಳಿತು, ನಿಂತಿತು, ಮರುಪ್ರಶ್ನೆಗೆ ಎಡೆಯಿರಲಿಲ್ಲ. ಪ್ರಸಾರದ ಸ್ವಭಾವವೇ ಅದು. ಹವ್ಯಾಸಿ ರೇಡಿಯೋದ ಸ್ವಭಾವ ಇದಕ್ಕೆ ತದ್ವಿರುದ್ಧ. ಅಲ್ಲಿ ಕರೆದವನು ಸುಮ್ಮನಾಗಿ ಮರುದನಿಗಾಗಿ ಕಾಯುತ್ತಾನೆ. ಉತ್ತರ ಬಂದರೆ ಮಾತ್ರ ಮಾತು ಮುಂದುವರಿಯುತ್ತದೆ. ನನ್ನ ಹುಡುಗರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗುತ್ತದೆ. ಏಕೆಂದರೆ ಅವರಲ್ಲಿ ಅನೇಕರಿಗೆ ಇರುವುದು ಪ್ರೊಫೆಸರರ ಆಸೆಯೇ, ಊರಿಗೆಲ್ಲ ಹಾಡು ಕೇಳಿಸುವ ಆಸೆ. 1978ರಲ್ಲಿ ಹೊರಟ ಹವ್ಯಾಸಿ ರೇಡಿಯೋ ನಿಯಮಗಳು ಅದಕ್ಕೆ ಅವಕಾಶ ಕೊಡಲಿಲ್ಲ. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಅಲ್ಪ ರೇಡಿಯೋಶಾಸ್ತ್ರ ಮತ್ತು ನಿಯಮಗಳ ಜ್ಞಾನವಿದ್ದರೆ ಕೆಳಗಿನ ದರ್ಜೆ ಸಿಗುತ್ತದೆ. ಮೇಲಿನ ದರ್ಜೆಗೆ ಮೋರ್ಸ್ ಸಂಕೇತವೂ ಬರಬೇಕು. ಸಂಗೀತ, ಜಾಹೀರಾತು, ಸಾರ್ವಜನಿಕ ಪ್ರಸಾರಗಳಿಗೆ ಎಡೆಯಿಲ್ಲ ಎಂಬುದು ಅವುಗಳ ಸಾರಾಂಶ.

ಇಷ್ಟು ಕೇಳಿ ಅರ್ಧ ಮಂದಿ ಎದ್ದು ಹೋಗುತ್ತಾರೆ. ಉಳಿದವರನ್ನು ನಾನು ಮಾಳಿಗೆಗೆ ಕರೆದೊಯ್ಯುತ್ತೇನೆ. 7 ಮೆಗಾಹರ್ಟ್ಸಿನ ಪಟ್ಟಿಯಲ್ಲಿ ಮಾತನಾಡಲು ಅರ್ಧ ಅಲೆಯಷ್ಟು, ಎಂದರೆ ಸುಮಾರು 20 ಮೀಟರ್, ಅರುವತ್ತಾರು ಅಡಿ ಉದ್ದದ ತಂತಿ ಬೇಕು. ನಮ್ಮ ಕಡೆಯ ಮೂವತ್ತು ನಲವತ್ತರ ನಿವೇಶನದಲ್ಲಿ ಮೂಲೆಯಿಂದ ಮೂಲೆಗೆ ಅಳೆದರೂ ಸಿಗುವುದು ಐವತ್ತೇ ಅಡಿ. ನಡುವೆ ಒಂದು ಬಿದಿರಿನ ಗಳು ನೆಟ್ಟು, ತಂತಿಯನ್ನು ಅದರ ತುದಿಯಿಂದ ಎರಡು ಕಡೆಗೂ ಇಳಿಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಈ ಚಿಕ್ಕ ಜಾಮಿತಿಯನ್ನು ತಾವೇ ಕಂಡುಕೊಂಡ ದಿನ ಅವರ ಮುಖ ನೋಡಬೇಕು. ಆಮೇಲೆ ಕೇಳುವ ಕೆಲಸ. ಕೇಳುವುದಕ್ಕೆ ದೊಡ್ಡ ಯಂತ್ರವೇನೂ ಬೇಡ. ಒಂದು ಹಳೆಯ ಗ್ರಾಹಕ ಸಾಕು. ನೆರೆಮನೆಯ ದೀಪಗಳ, ಚಾರ್ಜರುಗಳ ಗರಗರ ಶಬ್ದದ ನಡುವೆ ಎಲ್ಲಿಯದೋ ಒಂದು ಕ್ಷೀಣ ದನಿಯನ್ನು ಹೆಕ್ಕಿ ತೆಗೆಯುವುದು ಬಂತೆಂದರೆ ಅರ್ಧ ವಿದ್ಯೆ ಬಂತೆಂದೇ ಲೆಕ್ಕ.

ಇನ್ನು ಪ್ರೊಫೆಸರರ ನಿಲಯದ ವಿಷಯ. ತಮ್ಮ ಕೈಯ ಹಣ, ಊರಿನವರ ನೆರವು, ಕಲಾವಿದರ ಔದಾರ್ಯ, ಇಷ್ಟರಲ್ಲೇ ಅವರು ಅದನ್ನು ಸುಮಾರು ಆರು ವರ್ಷ ನಡೆಸಿದರು. ಹಗಲು ಕಾಲೇಜಿನಲ್ಲಿ ಪಾಠ. ಮನೆಗೆ ಬಂದರೆ ಅಲ್ಲಿ ಹಾಡುವವರು, ಓದುವವರು, ಭಾಷಣಕಾರರು. ಪಾಠ ಹೇಳಿ ಅಭ್ಯಾಸವಾದವರಿಗೆ ಮೈಕ್ರೋಫೋನಿನ ಮುಂದೆ ಮಾತನಾಡುವುದು ಎಂಥ ಶಿಕ್ಷೆಯೆಂದು ನಾನು ಬಲ್ಲೆ. ತರಗತಿಯಲ್ಲಿ ಮುಖಗಳಿರುತ್ತವೆ; ಅರ್ಥವಾಗದ ಮುಖ, ನಿದ್ದೆಯ ಮುಖ, ಇವೇ ನಮ್ಮನ್ನು ತಿದ್ದುತ್ತವೆ. ಮೈಕ್ರೋಫೋನು ತಿದ್ದುವುದಿಲ್ಲ. ಆದರೂ ಅಷ್ಟು ವರ್ಷ ಅವರು ಆ ಮುಖವಿಲ್ಲದ ಶ್ರೋತೃಗಳನ್ನು ನಂಬಿ ನಡೆದರು. ಕೊನೆಗೆ ವೆಚ್ಚ ಒಬ್ಬರ ಅಳವನ್ನು ಮೀರಿತು. 1942ರ ಜನವರಿ 1ರಿಂದ ನಿಲಯ ಮೈಸೂರು ಸಂಸ್ಥಾನದ ಸರ್ಕಾರದ್ದಾಯಿತು.

ಈ ಹಸ್ತಾಂತರವನ್ನು ಸೋಲೆಂದು ಕೆಲವರು, ತ್ಯಾಗವೆಂದು ಕೆಲವರು ಭಾವಿಸುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ತನ್ನ ಕೈಯಲ್ಲಿಟ್ಟುಕೊಂಡು ಸಾಯಿಸುವುದಕ್ಕಿಂತ ಪರರ ಕೈಯಲ್ಲಿ ಬದುಕಿಸುವುದನ್ನು ಅವರು ಆರಿಸಿಕೊಂಡರು. ಮದರಾಸಿನ ಸಂಘಕ್ಕೂ ಮುಂಬಯಿಯ ಕಂಪನಿಗೂ ಬಂದ ಗತಿ ಮೈಸೂರಿಗೆ ಬರಲಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳದಿರಲಾರೆ. ಪ್ರಸಾರ ಸರ್ಕಾರದ ಸ್ವತ್ತಾದ ಮೇಲೆ ಜನರಿಗೆ ಅದು ಮತ್ತೆ ದಕ್ಕಲು ದೀರ್ಘಕಾಲ ಹಿಡಿಯಿತು. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು 1995ರಲ್ಲಿ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯ ಜನ ನಮ್ಮ ಧ್ವನಿಯೆಂಬ ಕೇಂದ್ರವನ್ನು ಕಟ್ಟಿದಾಗ ಗಾಳಿಯಲ್ಲಿ ಮಾತನಾಡಲು ಅನುಮತಿಯಿಲ್ಲದೆ, ಟೆಲಿವಿಷನ್ನಿನ ಕೇಬಲ್ಲಿನೊಳಗೆ ದನಿ ಹರಿಸಿದರು. 2006ರ ಸಮುದಾಯ ಬಾನುಲಿಯ ನೀತಿ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೆ ಬಾಗಿಲು ತೆರೆಯಿತು; ಅದು ಒಪ್ಪಿದ ಪ್ರೇಷಕದ ಶಕ್ತಿ 50 ವಾಟಿನವರೆಗೆ. ಒಂಟಿಕೊಪ್ಪಲಿನ ಮೂವತ್ತು ವಾಟು ಅದರೊಳಗೆ ಸುಖವಾಗಿ ಅಡಗುತ್ತದೆ. ಆದರೆ ಬಿಡಿ ವ್ಯಕ್ತಿಗಳಿಗೆ ಪರವಾನಗಿ ಇಲ್ಲವೆಂದೂ ಅದೇ ನೀತಿ ಸಾರಿತು. ಪ್ರೊಫೆಸರರು ಆ ಅರ್ಜಿಯನ್ನು ಹಿಡಿದು ನಿಂತಿದ್ದರೆ, ಯಂತ್ರ ಪಾಸಾಗಿ ಮನುಷ್ಯ ನಪಾಸಾಗುತ್ತಿದ್ದರು.

ಮುಂದಿನದು ಚುಟುಕಾದ ಕಥೆ. 1950ರಲ್ಲಿ ಮೈಸೂರಿನ ನಿಲಯ ಕೇಂದ್ರ ಸರ್ಕಾರದ ಅಧೀನಕ್ಕೆ ಹೋಯಿತು. 1955ರ ನವೆಂಬರ್‌ನಲ್ಲಿ ಅದನ್ನು ಬೆಂಗಳೂರಿಗೆ ಸಾಗಿಸಿದರು, ಮೈಸೂರು ಮೌನವಾಯಿತು. ಆ ದಶಕದ ಉತ್ತರಾರ್ಧದಲ್ಲಿ ಆಲ್ ಇಂಡಿಯಾ ರೇಡಿಯೋ ಸಂಸ್ಥೆ ಆಕಾಶವಾಣಿ ಎಂಬ ಹೆಸರನ್ನು ತನ್ನದಾಗಿ ಮಾಡಿಕೊಂಡಿತು. ಸರಿಸುಮಾರು ಅದೇ ಕಾಲಕ್ಕೆ, 1957ರಲ್ಲಿ, ಗೋಪಾಲಸ್ವಾಮಿಯವರು ತೀರಿಕೊಂಡರು. 1974ರಲ್ಲಿ ಮೈಸೂರಿನ ನಿಲಯ ಯಾದವಗಿರಿಯಲ್ಲಿ, ವಿಠ್ಠಲ ವಿಹಾರಕ್ಕೆ ಕೂಗಳತೆಯ ದೂರದಲ್ಲಿ, ಮತ್ತೆ ಮಾತನಾಡತೊಡಗಿತು. 2023ರಲ್ಲಿ ಕೇಂದ್ರವು ಆಲ್ ಇಂಡಿಯಾ ರೇಡಿಯೋ ಎಂಬ ಇಂಗ್ಲಿಷ್ ಹೆಸರನ್ನು ಬಿಟ್ಟು, ಎಲ್ಲೆಡೆಯೂ ಆಕಾಶವಾಣಿ ಎಂದೇ ಹೇಳಬೇಕೆಂದು ತನ್ನ ನಿಲಯಗಳಿಗೆ ಸೂಚಿಸಿತು.