ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು: ಮಗನಿಗೆ ರಾಜ್ಯ, ಹೆಣ್ಣುಮಕ್ಕಳಿಗೆ ಅಕ್ಷರ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ - ಈ ನಾಲ್ಕು ತಾಲ್ಲೂಕುಗಳ ಯಾವ ಊರಿಗೆ ಹೋದರೂ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಕೇಳದವರಿಲ್ಲ. ಎಷ್ಟೋ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲೇ ಅವರ ಪಟವೂ ಇದೆ. ಕನ್ನಂಬಾಡಿ ಕಟ್ಟೆಯ ನೀರು ಕುಡಿದ ಋಣ ಅದು. ಆದರೆ ಹತ್ತು ವರ್ಷಕ್ಕೇ ತಂದೆಯನ್ನು ಕಳೆದುಕೊಂಡ ಆ ಬಾಲಕನನ್ನು ಬೆಳೆಸಿ, ಓದಿಸಿ, ಅವನ ಪರವಾಗಿ ಏಳೂವರೆ ವರ್ಷ ರಾಜ್ಯವನ್ನೂ ನಡೆಸಿ, ಕೊನೆಗೆ ಎಲ್ಲವನ್ನೂ ಅವನ ಕೈಗೊಪ್ಪಿಸಿದ ತಾಯಿಯನ್ನು ನಾವು ನೆನೆಯುವುದು ಕಡಿಮೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಆ ತಾಯಿಯನ್ನು ನೆನೆಯುವುದು ಉಚಿತವೆಂದು ಈ ಬರಹ.

ಕೆಂಪನಂಜಮ್ಮಣ್ಣಿಯವರು 1866ರಲ್ಲಿ ನಂಜನಗೂಡು ಸೀಮೆಯ ಕಳಲೆ ಅರಸು ಮನೆತನದಲ್ಲಿ ಜನಿಸಿದರು. 1878ರಲ್ಲಿ, ಇನ್ನೂ ಹನ್ನೆರಡರ ವಯಸ್ಸಿನಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರನ್ನು ವರಿಸಿ ಮೈಸೂರು ಅರಮನೆಗೆ ಬಂದರು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1881ರ ಮಾರ್ಚ್‌ನಲ್ಲಿ ರಾಜ್ಯ ಮರಳಿ ಒಡೆಯರ ಕೈಗೆ ಬಂದಾಗ ಅವರು ಮಹಾರಾಣಿಯಾದರು. ಮೂವರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು ಹುಟ್ಟಿದರು. ಹಿರಿಯ ಮಗ ಕೃಷ್ಣರಾಜರು ಹುಟ್ಟಿದ್ದು 1884ರ ಜೂನ್ 4ರಂದು.

ಆ 1881ರಲ್ಲೇ ಅಂಬಳೆ ನರಸಿಂಹ ಅಯ್ಯಂಗಾರ್ಯರು ಅರಮನೆಯ ಆಶ್ರಯದಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದರು. ಅದೇ ಮಹಾರಾಣಿಯವರ ಬಾಲಿಕಾ ಪಾಠಶಾಲೆ. ಹುಡುಗಿ ಓದಿದರೆ ಮನೆಗೆ ಕೇಡೆಂದು ನಂಬಿದ್ದ ಕಾಲ ಅದು. ಅರಮನೆಯೇ ಬೆನ್ನಿಗಿದೆ ಎಂದಾಗ ಹಿಂಜರಿಯುತ್ತಿದ್ದ ಮನೆಯವರಿಗೂ ಧೈರ್ಯ ಬಂತು. ಮೊದಮೊದಲು ಅಲ್ಲಿ ಮೇಲುಜಾತಿಯ ಹುಡುಗಿಯರಿಗಷ್ಟೇ ಪ್ರವೇಶವಿತ್ತೆಂಬುದನ್ನೂ ಮರೆಮಾಚಬೇಕಾಗಿಲ್ಲ. ರೈತರ, ದಲಿತರ ಮನೆಗಳ ಹೆಣ್ಣುಮಕ್ಕಳ ಸರದಿ ಬರಲು ಇನ್ನೂ ಬಹಳ ಕಾಲ ಬೇಕಾಯಿತು. ಆದರೆ ಮುಚ್ಚಿದ್ದ ಬಾಗಿಲು ಒಂದು ಸಲ ತೆರೆದದ್ದು ಅಲ್ಲಿಯೇ.

1894ರ ಡಿಸೆಂಬರ್ ಕೊನೆಯಲ್ಲಿ ಕಲ್ಕತ್ತೆಗೆ ಹೋಗಿದ್ದ ಚಾಮರಾಜೇಂದ್ರ ಒಡೆಯರು ಗಂಟಲುಮಾರಿಗೆ ತುತ್ತಾಗಿ ಅಲ್ಲಿಯೇ ತೀರಿಕೊಂಡರು. ಮಹಾರಾಣಿಗೆ ಆಗ ಇಪ್ಪತ್ತೆಂಟು ವರ್ಷ. ಕಿರಿಯ ಮಗ ನರಸಿಂಹರಾಜರಿಗೆ ಆರು ವರ್ಷ. ಗಂಡ ಸತ್ತವಳು ಮೂಲೆ ಸೇರಬೇಕು, ಶುಭಕಾರ್ಯಕ್ಕೆ ಎದುರು ಬರಬಾರದು ಎನ್ನುತ್ತಿದ್ದ ಸಮಾಜದಲ್ಲಿ ಈ ತಾಯಿ ಇಡೀ ಸಂಸ್ಥಾನದ ಹೊಣೆ ಹೊತ್ತರು. 1895ರ ಫೆಬ್ರವರಿಯಲ್ಲಿ ಬಾಲಕ ಕೃಷ್ಣರಾಜರಿಗೆ ಪಟ್ಟವಾಯಿತು. ಅವರು ಪ್ರಾಯಕ್ಕೆ ಬರುವವರೆಗೆ ತಾಯಿಯೇ ರೀಜೆಂಟರು. ವಾಣಿವಿಲಾಸ ಸನ್ನಿಧಾನ ಎಂಬುದು ಅವರ ಬಿರುದು.

ಆ ವರ್ಷಗಳೇನೂ ಸುಲಭದವಲ್ಲ. 1897ರಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಮರುವರ್ಷ ಪ್ಲೇಗು ಸಂಸ್ಥಾನಕ್ಕೆ ಕಾಲಿಟ್ಟಿತು. ಜನ ಊರು ಬಿಟ್ಟು ಹೊಲಗದ್ದೆಗಳಲ್ಲಿ ಗುಡಿಸಲು ಹಾಕಿಕೊಂಡು ಬಾಳಬೇಕಾಯಿತು. ಇಷ್ಟರ ನಡುವೆಯೂ ಕೆಲಸಗಳು ನಿಲ್ಲಲಿಲ್ಲ. ಸುಟ್ಟ ಅರಮನೆಯ ಜಾಗದಲ್ಲಿ ಈಗ ನಾವು ನೋಡುವ ಅರಮನೆ ಎದ್ದಿತು. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಯಿತು. ಅದೇ ಇಂದಿನ ವಾಣಿವಿಲಾಸ ಸಾಗರ. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಗೆ ಜಮೀನು, ಹಣ ಕೊಡಲು ಸಂಸ್ಥಾನ ಮುಂದಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ವಿದ್ಯುತ್ ಯೋಜನೆ 1902ರಲ್ಲಿ ಪೂರ್ಣಗೊಂಡು, ನಮ್ಮ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು.

ಇವೆಲ್ಲ ಕಣ್ಣಿಗೆ ಕಾಣುವ ಕೆಲಸಗಳು. ಕಾಣದೆ ಬೆಳೆದದ್ದು ಇನ್ನೊಂದು. 1901ರ ಜನಗಣತಿಯ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ನೂರು ಹೆಂಗಸರಲ್ಲಿ ಒಬ್ಬರಿಗೂ ಓದುಬರಹ ಬರುತ್ತಿರಲಿಲ್ಲ. ಹತ್ತು ಹನ್ನೆರಡಕ್ಕೆ ಮದುವೆ. ಅಲ್ಲಿಗೆ ಹುಡುಗಿಯ ಪಾಠ ಮುಗಿಯಿತು. ಇಂಥ ಕಾಲದಲ್ಲಿ, ಇವರ ಆಡಳಿತದ ಕೊನೆಯ ವೇಳೆಗೆ, ಮಹಾರಾಣಿ ಶಾಲೆ ಕಾಲೇಜಿನ ಮಟ್ಟಕ್ಕೆ ಏರಿತು. 1906ರಲ್ಲಿ ಅಲ್ಲಿಂದ ಹೊರಬಂದ ಮೊದಲ ಪದವೀಧರೆಯರಲ್ಲಿ ಕೆ.ಡಿ. ರುಕ್ಮಿಣಿಯಮ್ಮನವರೂ ಶ್ರೀರಂಗಮ್ಮನವರೂ ಇದ್ದರು. ಎಳೆಯದರಲ್ಲೇ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳೂ ಮುಂದೆ ಅಲ್ಲಿ ಓದಿ ಉಪಾಧ್ಯಾಯಿನಿಯರಾದರು. ಮದುವೆಯಾದ ಮೇಲೆಯೂ, ವೈಧವ್ಯ ಬಂದ ಮೇಲೆಯೂ ಹೆಣ್ಣು ಕಲಿಯಬಹುದೆಂದು ಜನ ಕಣ್ಣಾರೆ ಕಂಡರು. ವಯಸ್ಕರ ಶಿಕ್ಷಣ ಎಂಬ ಮಾತು ಬಳಕೆಗೆ ಬರುವ ಮುಂಚಿನ ಸಂಗತಿ ಇದು.

ತಾಯಿಯಾಗಿ ಅವರು ಮಾಡಿದ ದೊಡ್ಡ ಕೆಲಸ ಮಗನ ವಿದ್ಯಾಭ್ಯಾಸ. ಕನ್ನಡ, ಸಂಸ್ಕೃತ, ಇಂಗ್ಲಿಷ್, ಸಂಗೀತ, ಕುದುರೆ ಸವಾರಿ, ಆಡಳಿತದ ತರಬೇತಿ, ಎಲ್ಲಕ್ಕೂ ತಕ್ಕ ಗುರುಗಳಿದ್ದರು. 1902ರ ಆಗಸ್ಟ್ 8ರಂದು, ಹದಿನೆಂಟು ತುಂಬಿದ ಮಗನಿಗೆ ಪೂರ್ಣಾಧಿಕಾರ ದೊರೆಯಿತು. ಕೈಗೆ ಬಂದ ಅಧಿಕಾರವನ್ನು ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಈ ತಾಯಿ ಅದನ್ನು ಮಗನ ಗಂಟೆಂದೇ ಕಾಪಾಡಿ, ಹೊತ್ತು ಬಂದಾಗ ಒಪ್ಪಿಸಿ ಹಿಂದೆ ಸರಿದರು. ಅದೇ ಮಗನ ಆಳ್ವಿಕೆಯಲ್ಲಿ ಕನ್ನಂಬಾಡಿ ಕಟ್ಟೆ ಬಂತು, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂತು.

ಅರಮನೆಯಲ್ಲಿದ್ದರೂ ದುಃಖ ಅವರನ್ನು ಬಿಡಲಿಲ್ಲ. ಮಗಳು ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ಬಲಿಯಾದರು. ಆ ಮಗಳ ಹೆಸರಿನಲ್ಲೇ ಮೈಸೂರಿನ ಕ್ಷಯರೋಗ ಆಸ್ಪತ್ರೆ ಇದೆ. ಸನ್ನಿಧಾನದವರು 1934ರ ಜುಲೈ 7ರಂದು ಬೆಂಗಳೂರಿನಲ್ಲಿ ಕಾಲವಾದರು. ಮರುವರ್ಷ ಆರಂಭವಾದ ಹೆಂಗಸರು ಮತ್ತು ಮಕ್ಕಳ ವಾಣಿವಿಲಾಸ ಆಸ್ಪತ್ರೆಯಲ್ಲಿ ಇಂದಿಗೂ ಬಡ ತಾಯಂದಿರ ಹೆರಿಗೆಯಾಗುತ್ತಿದೆ.

ಅವರ ಮೊಮ್ಮಗ ಜಯಚಾಮರಾಜ ಒಡೆಯರ ಕಾಲದಲ್ಲಿ, 1940ರ ದಶಕದಲ್ಲಿ, ಮೈಸೂರಿನಲ್ಲಿ ವಯಸ್ಕರ ಶಿಕ್ಷಣ ಸಮಿತಿ ಹುಟ್ಟಿತು. ರಾತ್ರಿ ಶಾಲೆಗಳು ಹಳ್ಳಿಗಳಿಗೆ ಬಂದವು. ಹೊಸದಾಗಿ ಓದು ಕಲಿತವರಿಗೆಂದು ಬೆಳಕು ಎಂಬ ವಾರಪತ್ರಿಕೆಯೂ ಹೊರಟಿತು. ಆಮೇಲೆ 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಮ್ಮ ಕಡೆಯ ಅವ್ವಂದಿರು, ಅಜ್ಜಿಯರು ದಿನವೆಲ್ಲ ಕಳೆ ಕಿತ್ತು, ನಾಟಿ ಹಾಕಿ ಬಂದು, ರಾತ್ರಿ ಸ್ಲೇಟು ಹಿಡಿದು ಕೂತರು.

ಈ ಶಾಲೆಯಲ್ಲಿ ಓದಿದ ನಮ್ಮಲ್ಲಿ ಎಷ್ಟೋ ಜನರ ತಾಯಂದಿರು ನಮ್ಮ ಅರ್ಜಿಗೆ ಹೆಬ್ಬೆಟ್ಟು ಒತ್ತಿದವರು. ಅವರು ಓದಲಿಲ್ಲ, ಆದರೆ ರಾಗಿ ಮಾರಿ, ಹಾಲು ಹಾಕಿ ನಮ್ಮನ್ನು ಓದಿಸಿದರು. ರಾಣಿಯಾದರೂ ಕೂಲಿಯವಳಾದರೂ ತಾಯಿ ಮಾಡುವ ಕೆಲಸ ಒಂದೇ: ತನಗೆ ಬಂದದ್ದನ್ನು ಕಾಪಾಡಿ ಮಕ್ಕಳ ಕೈಗೆ ಕೊಡುವುದು. ನಮ್ಮ ಊರುಗಳಲ್ಲಿ ಇನ್ನೂ ಹೆಬ್ಬೆಟ್ಟು ಒತ್ತುವ ಹಿರಿಯರು ಇದ್ದಾರೆ. ಹಬ್ಬಕ್ಕೆ ಊರಿಗೆ ಬರುವ ಹಳೆಯ ವಿದ್ಯಾರ್ಥಿಗಳು ಅಂಥ ಒಬ್ಬರ ಪಕ್ಕ ಕೂತು, ಅವರ ಹೆಸರನ್ನು ಅವರ ಕೈಯಲ್ಲೇ ಬರೆಸಿದರೆ, ಈ ಸುವರ್ಣ ಮಹೋತ್ಸವ ಸಾರ್ಥಕವಾದಂತೆ.