ಲೆಕ್ಕ ಬರೆದ ಸನ್ಯಾಸಿ

ಗಣಿತಜ್ಞರು ಎಂದ ಕೂಡಲೇ ನಮಗೆ ನೆನಪಾಗುವುದು ಭಾಸ್ಕರಾಚಾರ್ಯ, ರಾಮಾನುಜನ್, ಹೆಚ್ಚೆಂದರೆ ಯೂಕ್ಲಿಡ್. ಕಾಮರ್ಸ್‌ನವರಿಗೂ ಒಬ್ಬ ಗಣಿತಜ್ಞ ಇದ್ದಾನೆ ಅಂದರೆ ಸೈನ್ಸ್ ಓದುವ ಗೆಳೆಯರು ನಗಬಹುದು. ನಗಲಿ ಬಿಡಿ. ನಾವು ದಿನಾ ಗೀಚುವ ಡೆಬಿಟ್-ಕ್ರೆಡಿಟ್ ವಿಷಯವನ್ನು ಮೊಟ್ಟಮೊದಲು ಅಚ್ಚಿಗೆ ತಂದವನು ಅಪ್ಪಟ ಗಣಿತದ ಮೇಷ್ಟ್ರು. ಅದೂ ಕಾಸಿನ ಗೊಡವೆ ಬಿಟ್ಟ ಸನ್ಯಾಸಿ!

ಲೂಕಾ ಪಾಚೋಲಿ ಹುಟ್ಟಿದ್ದು ಇಟಲಿಯ ಸಾನ್‌ಸೆಪೋಲ್ಕ್ರೊ ಎಂಬ ಸಣ್ಣ ಊರಿನಲ್ಲಿ, ಸುಮಾರು 1447ರಲ್ಲಿ. ಹರೆಯದಲ್ಲೇ ಊರು ಬಿಟ್ಟು ವೆನಿಸ್ ಸೇರಿದ. ಆ ಕಾಲದ ವೆನಿಸ್ ಅಂದರೆ ನಮ್ಮ ಮುಂಬಯಿ ಇದ್ದ ಹಾಗೆ. ಹಡಗು, ಮೆಣಸು, ರೇಷ್ಮೆ, ಬಡ್ಡಿ, ಹುಂಡಿ, ಎಲ್ಲಿ ನೋಡಿದರೂ ವ್ಯಾಪಾರ. ಅಲ್ಲಿ ರೋಂಪಿಯಾಸಿ ಎಂಬ ವರ್ತಕನ ಮೂವರು ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದ. ಆ ಹುಡುಗರಿಗೆಂದೇ 1470ರಲ್ಲಿ ಒಂದು ಅಂಕಗಣಿತ ಬರೆದುಕೊಟ್ಟ. ಆಮೇಲೆ ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿಯಾಗಿ, ಊರೂರು ಸುತ್ತಿ ಗಣಿತ ಕಲಿಸಿದ.

1494ರಲ್ಲಿ ವೆನಿಸ್‌ನಲ್ಲಿ ಅವನ ದೊಡ್ಡ ಪುಸ್ತಕ 'ಸುಮ್ಮಾ' ಅಚ್ಚಾಯಿತು. ಸುಮಾರು 600 ಪುಟ. ಅಂಕಗಣಿತ, ಬೀಜಗಣಿತ, ರೇಖಾಗಣಿತ, ವ್ಯಾಪಾರದ ಲೆಕ್ಕ, ಎಲ್ಲವೂ ಅದರಲ್ಲಿವೆ. ನಮ್ಮ ದೇಶದಲ್ಲಿ ಹುಟ್ಟಿ, ಅರಬರ ಕೈದಾಟಿ ಯುರೋಪಿಗೆ ಹೋದ ಅಂಕಿಗಳಲ್ಲೇ ಅಲ್ಲಿನ ಲೆಕ್ಕ.

ಮುಖ್ಯ ಮಾತು ಭಾಷೆಯದು. ಆಗ ಪಂಡಿತರ ಭಾಷೆ ಲ್ಯಾಟಿನ್. ಅಂಗಡಿಯಲ್ಲಿ ಕೂರುವ ಹುಡುಗನಿಗೆ ಅದೆಲ್ಲಿ ಬರಬೇಕು? ಪಾಚೋಲಿಗೆ ಲ್ಯಾಟಿನ್ ಚೆನ್ನಾಗಿಯೇ ಬರುತ್ತಿತ್ತು. ಆದರೂ ಈ ಪುಸ್ತಕವನ್ನು ಜನ ಆಡುವ ಇಟಾಲಿಯನ್‌ನಲ್ಲೇ ಬರೆದ.

ಅದರೊಳಗಿನ 36 ಅಧ್ಯಾಯಗಳು ಲೆಕ್ಕಪತ್ರದ ಬಗ್ಗೆ. ಮೊದಲು ಇರುವ ಆಸ್ತಿಯ ಪಟ್ಟಿ ಮಾಡು, ಆಮೇಲೆ ಮೂರು ಪುಸ್ತಕ ಇಡು ಅನ್ನುತ್ತಾನೆ. ದಿನದ ವ್ಯವಹಾರವನ್ನೆಲ್ಲ ಗೀಚಿಡುವ ಕಚ್ಚಾ ಪುಸ್ತಕ ಒಂದು, ಕ್ರಮವಾಗಿ ಬರೆಯುವ ಕಿರ್ದಿ ಇನ್ನೊಂದು, ಖಾತೆ ಪುಸ್ತಕ ಮೂರನೆಯದು. ಒಂದೊಂದು ವ್ಯವಹಾರವೂ ಖಾತೆಯಲ್ಲಿ ಎರಡು ಕಡೆ ಏರಬೇಕು. ಕೊನೆಗೆ ಎರಡೂ ಬದಿ ತಾಳೆಯಾಗಬೇಕು. ನಮ್ಮ ಟ್ರಯಲ್ ಬ್ಯಾಲೆನ್ಸ್ ಇದೇ ಅಲ್ಲವೇ? ಪುಸ್ತಕ ತೆರೆಯುವಾಗ ದೇವರ ಹೆಸರು ಬರೆಯಬೇಕು ಅಂತಲೂ ಹೇಳುತ್ತಾನೆ. ದೀಪಾವಳಿಯಲ್ಲಿ ಹೊಸ ಪುಸ್ತಕದ ಮೇಲೆ 'ಶ್ರೀ' ಬರೆಯುವ ನಮ್ಮ ಅಂಗಡಿಯವರಿಗೆ ಇದು ಹೊಸದೇನಲ್ಲ.

ಹಾಗಾದರೆ ಇದನ್ನು ಕಂಡುಹಿಡಿದವನು ಇವನೇನಾ? ಅಲ್ಲ. ಇಟಲಿಯ ವರ್ತಕರು ಸುಮಾರು 200 ವರ್ಷ ಮೊದಲೇ ಹೀಗೆ ಬರೆಯುತ್ತಿದ್ದರು. 1299-1300ರ ಒಂದು ಖಾತೆ ಪುಸ್ತಕ ಉಳಿದಿದೆ. ತಾನು ಹೇಳುತ್ತಿರುವುದು ವೆನಿಸ್‌ನವರ ಪದ್ಧತಿ ಅಂತ ಪಾಚೋಲಿಯೇ ಒಪ್ಪುತ್ತಾನೆ. ಕೊಟ್ರುಲ್ಯಿ ಎಂಬ ವರ್ತಕ 1458ರಲ್ಲೇ ಈ ವಿಷಯ ಬರೆದಿದ್ದ. ಆದರೆ ಅದು ಅಚ್ಚಾದದ್ದು 1573ರಲ್ಲಿ! ಅಷ್ಟು ಹೊತ್ತಿಗೆ ಪಾಚೋಲಿಯ ಹೆಸರು ನಿಂತುಬಿಟ್ಟಿತ್ತು.

ಗಣಿತದಲ್ಲಿ ಅವನು ಎಡವಿದ್ದೂ ಉಂಟು. ಪಂದ್ಯ ಅರ್ಧಕ್ಕೆ ನಿಂತರೆ ಪಣದ ಹಣ ಹಂಚುವುದು ಹೇಗೆ? ಗೆದ್ದ ಆಟಗಳ ಪ್ರಮಾಣದಲ್ಲಿ ಹಂಚಿ ಅಂದ. ಒಬ್ಬ ಒಂದೇ ಆಟ ಗೆದ್ದು ಇನ್ನೊಬ್ಬ ಸೊನ್ನೆಯಲ್ಲಿದ್ದರೆ ಪಣವೆಲ್ಲ ಮೊದಲನೆಯವನಿಗೇ ಹೋಯಿತಲ್ಲ! 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಸರಿಯಾದ ಉತ್ತರ ಕೊಟ್ಟರು. ಸಂಭವನೀಯತೆಯ ಗಣಿತ ಬೆಳೆದದ್ದು ಅಲ್ಲಿಂದಲೇ. ತಪ್ಪು ಉತ್ತರವಾದರೂ ಪ್ರಶ್ನೆಯನ್ನು ಅಚ್ಚಿಗೆ ಹಾಕಿದ್ದು ವ್ಯರ್ಥವಾಗಲಿಲ್ಲ.

ಸುಮಾರು 1496ರಲ್ಲಿ ಮಿಲಾನಿನ ದೊರೆ ಕರೆಸಿಕೊಂಡ. ಅಲ್ಲಿ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ ಇವನ ಗೆಳೆಯನಾದ, ಇವನಿಂದ ಗಣಿತ ಕಲಿತ, ಇವನ ಮುಂದಿನ ಪುಸ್ತಕಕ್ಕೆ ಘನಾಕೃತಿಗಳ ಚಿತ್ರ ಬರೆದುಕೊಟ್ಟ. 1499ರಲ್ಲಿ ಫ್ರೆಂಚರ ಸೈನ್ಯ ಮಿಲಾನಿಗೆ ನುಗ್ಗಿದಾಗ ಇಬ್ಬರೂ ಅಲ್ಲಿಂದ ಹೊರಟರು.

ಆ ಪುಸ್ತಕ 1509ರಲ್ಲಿ ಬಂತು. ಪಾಚೋಲಿಯ ಖಾತೆಯ ಖರ್ಚಿನ ಬದಿ ಇರುವುದು ಇದರಲ್ಲೇ. ಇದರ ಕೊನೆಯ ಭಾಗ ಅವನದೇ ಊರಿನ ಚಿತ್ರಕಾರ, ಗಣಿತಜ್ಞ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಲ್ಯಾಟಿನ್‌ನಲ್ಲಿ ಬರೆದದ್ದರ ಅನುವಾದ. ಪಿಯೆರೊ 1492ರಲ್ಲೇ ತೀರಿಕೊಂಡಿದ್ದ. 'ಸುಮ್ಮಾ'ದಲ್ಲಿ ಅವನನ್ನು ಬಾಯ್ತುಂಬ ಹೊಗಳಿದ ಪಾಚೋಲಿ, ಇಲ್ಲಿ ಇದು ಅವನ ಬರಹ ಅಂತ ಹೇಳಲೇ ಇಲ್ಲ. 1550ರಲ್ಲಿ ವಸಾರಿ ಎಂಬ ಚರಿತ್ರಕಾರ ಇದನ್ನು ಕಳವು ಎಂದೇ ಬರೆದ. 1517ರಲ್ಲಿ ತೀರಿಕೊಂಡಿದ್ದ ಪಾಚೋಲಿ ಉತ್ತರ ಕೊಡುವಂತಿರಲಿಲ್ಲ.

ಲೆಕ್ಕಶಾಸ್ತ್ರದ ಪಿತಾಮಹ ಎಂಬ ಬಿರುದನ್ನೂ ಕಳ್ಳ ಎಂಬ ಮಾತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಉಳಿಯುವ ಬಾಕಿ ಇಷ್ಟು: ಅವನು ಹೊಸದಾಗಿ ಕಂಡುಹಿಡಿದದ್ದು ಕಡಿಮೆ, ಜನರ ಮಾತಿಗೆ ತಂದದ್ದು ಬಹಳ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪುಸ್ತಕಗಳ ಮುಂದೆ ಕಕ್ಕಾಬಿಕ್ಕಿಯಾಗುವ ನಮಗೆ ಇದು ಸಣ್ಣ ವಿಷಯವಲ್ಲ. ನಮ್ಮ ಶಾಸ್ತ್ರದ ಮೊದಲ ಅಚ್ಚು ಪುಸ್ತಕವೇ ಪಂಡಿತರ ಭಾಷೆಯನ್ನು ಬಿಟ್ಟು ಪೇಟೆಯ ಭಾಷೆಯಲ್ಲಿ ಬಂದದ್ದು. ಕಿರ್ದಿ, ಖಾತೆ, ಜಮೆ, ಬಾಕಿ ಎಂಬ ಮಾತುಗಳು ನಮ್ಮಲ್ಲೂ ಇವೆಯಲ್ಲ. ಗೆಳೆಯರೇ, ಈ ಪುಟಗಳಿಗೆ ಒಬ್ಬೊಬ್ಬರೂ ಒಂದೊಂದು ಪಾಠವನ್ನು ಕನ್ನಡದಲ್ಲಿ ಬರೆಯಿರಿ. ಯಾರಿಂದ ಪಡೆದಿರೋ ಅವರ ಹೆಸರನ್ನು ಮಾತ್ರ ಮರೆಯದೆ ಜಮೆ ಮಾಡಿ.